ಹೊಸೂರಿನ ಹತ್ತಿರದ ಫಾರ್ಮಿನಿಂದ ಇಡೀ ಕುರಿ, ಅರ್ಧ ಕುರಿ: ಕೊಳ್ಳುವುದಾದರೆ ಯಾವ ತೂಕಕ್ಕೆ?

ಹೊಸೂರು, ಬಾಗಲೂರು, ಕೆಲಮಂಗಲ, ಡೆಂಕಣಿಕೋಟೆ ಕಡೆಯ ಕನ್ನಡದ ಮನೆಗಳಿಗೆ ಕುರಿಯನ್ನು ಪಾಲಿನಲ್ಲಿ ಕೊಳ್ಳುವುದು ಹೊಸತೇನಲ್ಲ. ಯುಗಾದಿಯ ಮಾರನೆಯ ದಿನ ಬರುವ ವರ್ಷತೊಡಕಿಗೆ ಕೇರಿಯ ಹಲವು ಮನೆಯವರು ಸೇರಿ ಕುರಿ ತಂದು, ಮಾಂಸ, ಮೂಳೆ, ಕಾರ್ಜ, ಬೋಟಿ, ಚರ್ಬಿ ಎಲ್ಲವೂ ಪ್ರತಿ ಪಾಲಿಗೂ ಬರುವಂತೆ ಗುಡ್ಡೆ ಹಾಕಿ ಹಂಚಿಕೊಳ್ಳುವ ಗುಡ್ಡೆ ಬಾಡು ಇಂದಿಗೂ ನಡೆಯುತ್ತದೆ; ಅದಕ್ಕೆಂದೇ ತಿಂಗಳು ತಿಂಗಳು ಚೀಟಿ ಕಟ್ಟುವವರೂ ಇದ್ದಾರೆ. ಈಚಿನ ವರ್ಷಗಳಲ್ಲಿ ಕೆಲವು ಕುರಿ ಫಾರ್ಮುಗಳು ಇದೇ ವ್ಯವಹಾರವನ್ನು ವಾಟ್ಸಾಪಿಗೆ ತಂದು, ಮುಂಗಡ ಪಡೆದು, ಹಬ್ಬವಿರಲಿ ಇಲ್ಲದಿರಲಿ ಇಡೀ ಕುರಿಯನ್ನೋ ಅರ್ಧ ಕುರಿಯನ್ನೋ ನೇರವಾಗಿ ಮನೆಗಳಿಗೆ ಮಾರುತ್ತಿವೆ. ಡೆಂಕಣಿಕೋಟೆ ರಸ್ತೆಯ ಅಂತಹ ಒಂದು ಫಾರ್ಮಿನಿಂದ ಇಡೀ ಕುರಿಯನ್ನೂ, ಬೇರೊಮ್ಮೆ ಅರ್ಧ ಕುರಿಯನ್ನೂ ಕೊಂಡ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ದರದ ವಿಷಯವನ್ನು ಮೊದಲು ಬಿಡಿಸಿಕೊಳ್ಳಬೇಕು, ಏಕೆಂದರೆ ಗೊಂದಲವೆಲ್ಲ ಅಲ್ಲೇ ಇದೆ. ಒಂದು ಕುರಿಗೆ ಮೂರು ತೂಕಗಳಿವೆ: ನಿಂತ ಕುರಿಯ ಜೀವತೂಕ, ತೊಗಲು, ತಲೆ, ಕಾಲು, ಒಳಭಾಗಗಳನ್ನು ತೆಗೆದು ಕೊಕ್ಕೆಗೆ ನೇತುಹಾಕಿದ ಮೈಯ ತೂಕ, ಕೊನೆಗೆ ತುಂಡು ಮಾಡಿ ಚೀಲದಲ್ಲಿ ನಮ್ಮ ಕೈಗೆ ಬರುವ ತೂಕ. ಅಮೆರಿಕದಲ್ಲಿ ಬೀಜ ಒಡೆದು ಮಾಂಸಕ್ಕೆಂದು ಬೆಳೆಸಿದ ಹೋರಿಯನ್ನು ಫಾರ್ಮಿನಿಂದಲೇ ಇಡಿಯಾಗಿ ಅಥವಾ ಅರ್ಧವಾಗಿ ಕೊಳ್ಳುವ ಪದ್ಧತಿ ಬಹಳ ಕಾಲದಿಂದ ಇದೆ. ಅಲ್ಲಿ ದರವನ್ನು ಹೆಚ್ಚಾಗಿ ನೇತುಹಾಕಿದ ತೂಕಕ್ಕೆ ಹೇಳುತ್ತಾರೆ, ಆ ತೂಕ ಜೀವತೂಕದ ಸುಮಾರು ಶೇಕಡ 60ರಷ್ಟಿರುತ್ತದೆ. ನಮ್ಮ ಕುರಿಗಳಲ್ಲಿ ಅದು ಶೇಕಡ 45ರಿಂದ 50ರ ಆಸುಪಾಸು ಮಾತ್ರ. ಈ ಫಾರ್ಮಿನವರು ಹೇಳುವುದು ಜೀವತೂಕದ ದರ. ಅಂಗಡಿಯ ಮಟನ್ ದರವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಕಿಲೋಗೆ 420 ರೂಪಾಯಿ ಎಂಬ ಮಾತು ಅರ್ಧ ಬೆಲೆಯಂತೆ ಕೇಳಿಸುತ್ತದೆ.

ನಮಗೆ ಬಂದ ಕುರಿ 26 ಕಿಲೋ ತೂಗಿತು. ದರದ ಪ್ರಕಾರ 10,920 ರೂಪಾಯಿ, ಕೊಯ್ದು ತುಂಡು ಮಾಡಿಕೊಡುವ ಕೂಲಿ 600, ಒಟ್ಟು 11,520. ಕೊಕ್ಕೆಯ ಮೇಲಿನ ತೂಕ 12.4 ಕಿಲೋ. ಅಂದರೆ ಮಾಂಸ ಕಿಲೋಗೆ ಸುಮಾರು 930 ರೂಪಾಯಿ ಬಿತ್ತು. ಆ ವಾರ ನಾವು ವಾಡಿಕೆಯಾಗಿ ಹೋಗುವ ಅಂಗಡಿಯಲ್ಲಿ 850 ಇತ್ತು. ಆದರೆ ತಲೆ, ನಾಲ್ಕು ಕಾಲು, ಬೋಟಿ, ಕಾರ್ಜ, ಗುಂಡಿಗೆಗಳು ಈ 12.4 ಕಿಲೋದ ಹೊರಗಿನವು. ಅವನ್ನು ಅಂಗಡಿಯಲ್ಲಿ ಬೇರೆಯಾಗಿ ಕೊಂಡರೆ ಸುಮಾರು ಸಾವಿರ ರೂಪಾಯಿ ಆಗುತ್ತದೆಯಾದ್ದರಿಂದ ಲೆಕ್ಕ ಸಮನಾಗುತ್ತದೆ. ಕಾಲು ಸೂಪು, ತಲೆಮಾಂಸ, ಬೋಟಿ ಗೊಜ್ಜು ಮಾಡದ ಮನೆಗೆ ಇದು ನಷ್ಟದ ಬಾಬತ್ತು ಎಂದೇ ಹೇಳಬೇಕು. ತೊಗಲು ಫಾರ್ಮಿನವರ ಪಾಲಿಗೆ ಹೋಗುತ್ತದೆ, ಅದಕ್ಕೆ ಬಿಲ್ಲಿನಲ್ಲಿ ಏನೂ ಕಳೆಯುವುದಿಲ್ಲ.

ಜೀವತೂಕಕ್ಕೆ ಕೊಳ್ಳುವಾಗ ತಕ್ಕಡಿ ಏರುವ ಹೊತ್ತು ಮುಖ್ಯ. ಹೊಟ್ಟೆ ತುಂಬ ಮೇದು ನೀರು ಕುಡಿದ ಕುರಿಯಲ್ಲಿ ಮೇವು ನೀರಿನದೇ ಎರಡು ಮೂರು ಕಿಲೋ ಇರುತ್ತದೆ, ಅದನ್ನೂ ಮಾಂಸದ ದರಕ್ಕೆ ಕೊಂಡಂತೆ. ರಾತ್ರಿ ಮೇವು ನಿಲ್ಲಿಸಿ, ನೀರನ್ನಷ್ಟೇ ಕೊಟ್ಟು, ಬೆಳಗ್ಗೆ ತೂಗುವುದು ಸರಿಯಾದ ಕ್ರಮ; ಹೊಟ್ಟೆ ಖಾಲಿಯಿದ್ದರೆ ಕೊಯ್ಯುವಾಗ ಮಾಂಸ ಕೊಳೆಯಾಗುವ ಸಂಭವವೂ ಕಡಿಮೆ. ಈ ಫಾರ್ಮಿನಲ್ಲಿ ಕೇಳಿದವರಿಗೆ ಬೆಳಗ್ಗೆ ನಮ್ಮೆದುರಿಗೇ ತೂಗುತ್ತಾರೆ, ಕೇಳದವರಿಗೆ ಹಿಂದಿನ ಸಂಜೆಯ ತೂಕವನ್ನೇ ಫೋನಿಗೆ ಕಳುಹಿಸುತ್ತಾರೆ. ಸಂತೆಗೆ ಹೋಲಿಸಿದರೆ ಇದೂ ಮೇಲೇ. ಕುಂದಾರಪಳ್ಳಿಯ ಶುಕ್ರವಾರದ ಸಂತೆಯಲ್ಲಿ ತಕ್ಕಡಿಗಿಂತ ಕಣ್ಣಂದಾಜಿಗೇ ಬೆಲೆ ಹೆಚ್ಚು. ಬೆನ್ನಿನ ಮೇಲೆ ಕೈಯಾಡಿಸಿ ಸೊಂಟದ ಮಾಂಸವನ್ನು ಅಳೆಯಬಲ್ಲವರಿಗೆ ಅಲ್ಲಿ ಅಗ್ಗ, ಉಳಿದವರಿಗೆ ದಲ್ಲಾಳಿ ಹೇಳಿದ್ದೇ ತೂಕ.

ಹಾಗಾದರೆ ಫಾರ್ಮಿಗೆ ಏಕೆ ಹೋಗಬೇಕು? ಕುರಿಯ ವಯಸ್ಸು ತಿಳಿಯುತ್ತದೆ ಎಂಬುದು ನನ್ನ ಉತ್ತರ. ಅಂಗಡಿಯಲ್ಲಿ ತೂಗುಬಿದ್ದ ಮೈಗೆ ತಲೆ ಇರುವುದಿಲ್ಲ, ಮುದಿ ಹೆಣ್ಣು ಕುರಿಯೂ ಎಳೆಯ ಟಗರೂ ಒಂದೇ ದರಕ್ಕೆ ಹೋಗುತ್ತವೆ. ಇಲ್ಲಿ ಕುರಿಗಳನ್ನು ನೋಡಿಕೊಳ್ಳುವ ಹಿರಿಯರು, ನಾವು ಬಾಯಿ ತೆರೆದು ಕೇಳುವ ಮೊದಲೇ, ಟಗರನ್ನು ಮೊಣಕಾಲುಗಳ ನಡುವೆ ಹಿಡಿದು ಹೆಬ್ಬೆರಳಿನಿಂದ ಕೆಳತುಟಿಯನ್ನು ಮಡಿಸಿ ತೋರಿಸಿದರು: ನಡುವೆ ಅಗಲವಾದ ಎರಡು ಹೊಸ ಹಲ್ಲು, ಅವುಗಳ ಎರಡೂ ಬದಿಗೆ ಅಕ್ಕಿಕಾಳಿನಂಥ ಹಾಲುಹಲ್ಲುಗಳು. "ನೋಡಿ ಸ್ವಾಮಿ, ಎರಡೇ ಹಲ್ಲು, ನಾಲ್ಕು ಹಾಕಿದ್ದು ನಾವು ಮನೆಯವರಿಗೆ ಕೊಡೋದಿಲ್ಲ, ಹೋಟೆಲಿನವರು ತಗೊಂಡು ಹೋಗ್ತಾರೆ" ಎಂದರು. ಎರಡು ಹಲ್ಲು ಎಂದರೆ ಒಂದರಿಂದ ಒಂದೂವರೆ ವರ್ಷದ ಪ್ರಾಯ. ಎಂಟೂ ಹಲ್ಲು ತುಂಬಲು ನಾಲ್ಕು ವರ್ಷ ಬೇಕು. ಸಾರಿನ ಪಾತ್ರೆಯಲ್ಲಿ ಈ ವ್ಯತ್ಯಾಸ ಬೇಯುವ ಸಮಯದಲ್ಲೇ ತಿಳಿಯುತ್ತದೆ.

ಬೀಜ ಒಡೆದ ಟಗರುಗಳನ್ನೂ ಇಲ್ಲಿ ಬೇರೆಯಾಗಿ ಬೆಳೆಸುತ್ತಾರೆ. ಅವುಗಳಲ್ಲಿ ಚರ್ಬಿ ಹೆಚ್ಚು ಕೂಡುತ್ತದೆ, ಟಗರಿನ ವಾಸನೆ ಕಡಿಮೆ. ರಾಗಿಹುಲ್ಲು, ಕಡಲೆಕಾಯಿ ಬಳ್ಳಿ, ಕುದುರೆಮೆಂತ್ಯ, ಜೊತೆಗೆ ಮುಸುಕಿನ ಜೋಳದ ನುಚ್ಚು ತಿಂದು ಕೊಟ್ಟಿಗೆಯಲ್ಲೇ ನಿಂತ ಕುರಿಗಳಾದ್ದರಿಂದ ಮಾಂಸ ಮೆತ್ತಗಿದ್ದರೂ, ಬಯಲಿನಲ್ಲಿ ಮೇದ ಕುರಿಯ ಬಿಗಿಯೂ ಗಾಢ ರುಚಿಯೂ ಇದರಲ್ಲಿ ಇಲ್ಲ. ಮೇಚೇರಿ ಕುರಿಗೂ ಬನ್ನೂರು ಕುರಿಗೂ ಬೇರೆ ಬೇರೆ ದರ ಇಟ್ಟಿದ್ದಾರೆ. ಮೇಚೇರಿ ತಮಿಳುನಾಡಿನದೇ ಕುರಿ, ಕಂದು ಮೈ, ಚರ್ಬಿ ಕಡಿಮೆ. ಬನ್ನೂರು ಎಂದು ಹೆಚ್ಚು ದರಕ್ಕೆ ಮಾರುವವುಗಳ ಬಗ್ಗೆ ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಹಿಂದಿನಿಂದ ನೋಡಿದರೆ ತಲೆಕೆಳಗಾದ ಲಾಳದಂತೆ ತುಂಬಿಕೊಂಡಿರಬೇಕಾದ ತೊಡೆಗಳು ಆ ಮಂದೆಯಲ್ಲಿ ಕೆಲವಕ್ಕೆ ಮಾತ್ರ ಇದ್ದವು. ಉಳಿದವು ಬೆರಕೆ. ಆ ಹೆಚ್ಚಿನ ಹಣ ಕೊಡುವ ಅಗತ್ಯವಿಲ್ಲ.

ಕೊಯ್ದ ಮೇಲಿನ ಕೆಲಸದಲ್ಲಿ ಫಾರ್ಮು ಇನ್ನೂ ಕಲಿಯಬೇಕಾದುದಿದೆ. ಮಾಂಸವನ್ನು ಕೊಯ್ದ ಒಂದೆರಡು ಗಂಟೆಯೊಳಗೆ ಒಲೆಯ ಮೇಲಿಡಬೇಕು, ಇಲ್ಲವೇ ಸತ್ತ ಮೈಯ ಸ್ನಾಯುಗಳು ಬಿಗಿದುಕೊಳ್ಳುವ ಸೆಡೆತು ಬಿಡುವವರೆಗೆ ತಣ್ಣಗೆ ಇಡಬೇಕು. ಇನ್ನೂ ಬಿಸಿಯಿರುವ ಮಾಂಸವನ್ನು ತುಂಡು ಮಾಡಿ ಒಮ್ಮೆಲೇ ಫ್ರೀಜರಿಗೆ ಹಾಕಿದರೆ, ಹೊರತೆಗೆದು ಕರಗಿಸಿದಾಗ ಸ್ನಾಯುಗಳು ಕುಗ್ಗಿ, ನೀರು ಬಿಟ್ಟು, ನಾರಿನಂತಾಗುತ್ತದೆ. ಇಡೀ ಕುರಿ ಕೊಳ್ಳುವವರಲ್ಲಿ ಹೆಚ್ಚಿನವರು ಮಾಡುವುದು ಇದನ್ನೇ, ಬೈಯುವುದು ಕುರಿಯನ್ನು. ಫಾರ್ಮಿನಲ್ಲಿ ಒಂದು ಸಣ್ಣ ತಣ್ಣನೆ ಕೋಣೆ ಇದೆ; ಮೊದಲೇ ಹೇಳಿದರೆ ಮೈಯನ್ನು ಒಂದು ರಾತ್ರಿ ಅಲ್ಲಿ ನೇತುಹಾಕಿ ಮಾರನೆಯ ಬೆಳಗ್ಗೆ ತುಂಡು ಮಾಡಿಕೊಡುತ್ತಾರೆ. ರಾತ್ರಿಯಲ್ಲಿ ತೇವ ಆರಿ ತೂಕ ಸ್ವಲ್ಪ ಇಳಿಯುತ್ತದೆ, ಅದಕ್ಕೆ ತಕರಾರು ತೆಗೆಯಬಾರದು. ಆದರೆ ಈ ಸೌಲಭ್ಯವನ್ನು ಅವರು ತಾವಾಗಿ ಹೇಳುವುದೇ ಇಲ್ಲ, ಏಕೆಂದರೆ ಗಿರಾಕಿಗಳು ಅದನ್ನು ತಂಗಳು ಮಾಂಸ ಎಂದು ಬೇಡವೆನ್ನುತ್ತಾರಂತೆ.

ತುಂಡು ಮಾಡುವ ಕೆಲಸ ಸಾಧಾರಣ. ಮರದ ಕೊರಡಿನ ಮೇಲೆ ಕತ್ತಿಯಿಂದ ಕಡಿಯುವುದರಿಂದ ಮೂಳೆಯ ಚೂರು ಮಾಂಸದಲ್ಲಿ ಸೇರುತ್ತದೆ, ಮಕ್ಕಳಿರುವ ಮನೆಯಲ್ಲಿ ತೊಳೆಯುವಾಗ ಎಚ್ಚರ ಬೇಕು. ಚಾಪ್ಸ್, ನಲ್ಲಿಮೂಳೆ, ಸಾರಿನ ತುಂಡು, ಕೈಮಾ ಯಾವುದು ಎಷ್ಟು ಬೇಕೆಂದು ಹಿಂದಿನ ದಿನವೇ ಬರೆದು ಕಳುಹಿಸುವುದು ಒಳ್ಳೆಯದು. ಸ್ಥಳದಲ್ಲಿ ನಿಂತು ಹೇಳಿದರೆ ಎಲ್ಲವೂ ಬಿರಿಯಾನಿ ತುಂಡಾಗಿ ಬರುತ್ತದೆ. ಕಾರ್ಜವನ್ನು ನಮ್ಮೆದುರು ಬಿಡಿಸಿ ತೋರಿಸಿದ್ದು ಮೆಚ್ಚುವಂಥದ್ದು, ಅದರಲ್ಲಿ ಹುಳುವಿನ ಬಿಳಿ ಗೆರೆಗಳೋ ಗಂಟುಗಳೋ ಇರಲಿಲ್ಲ. ಪಶುವೈದ್ಯರ ತಪಾಸಣೆ ಇಲ್ಲದ ಜಾಗದಲ್ಲಿ ಇಷ್ಟನ್ನಾದರೂ ನೋಡಬೇಕು, ಜಂತುಹುಳುವಿನ ಔಷಧಿ ಕೊನೆಗೆ ಯಾವಾಗ ಕೊಟ್ಟರೆಂದು ಕೇಳಬೇಕು. ಅವರ ಬಳಿ ಅದರ ದಿನಾಂಕ ಬರೆದ ಪುಸ್ತಕ ಇದೆ.

ಅರ್ಧ ಕುರಿಯ ವಿಷಯದಲ್ಲಿ ನನಗೆ ಅಸಮಾಧಾನವಿದೆ. ಬೆನ್ನುಮೂಳೆಯ ಉದ್ದಕ್ಕೂ ಸೀಳಿ ಎಡ ಬಲ ಮಾಡುತ್ತಾರೆ, ಆ ಮಟ್ಟಿಗೆ ಮಾಂಸ ಸಮಪಾಲೇ. ತಲೆ ಒಂದೇ, ಬೋಟಿ ಒಂದೇ, ಕಾರ್ಜ ಒಂದೇ. ಇವು ಯಾರಿಗೆ ಎಂಬ ನಿಯಮವನ್ನು ಮುಂಗಡ ಪಡೆಯುವಾಗ ಹೇಳಲಿಲ್ಲ. ನಾವು ಹೋಗುವಷ್ಟರಲ್ಲಿ ಇನ್ನೊಂದು ಅರ್ಧದವರು ತಲೆ ಬೋಟಿ ಎರಡನ್ನೂ ಒಯ್ದಿದ್ದರು, ಬಿಲ್ಲು ಮಾತ್ರ ಜೀವತೂಕದ ಸರಿ ಅರ್ಧಕ್ಕೇ ಇತ್ತು. ಕೇಳಿದ ಮೇಲೆ ಸ್ವಲ್ಪ ಹಣ ಬಿಟ್ಟರು ನಿಜ. ಗುಡ್ಡೆ ಹಾಕುವ ನಮ್ಮ ಹಿರಿಯರಿಗೆ ಬೋಟಿಯ ತುಂಡನ್ನೂ ಎಣಿಸಿ ಹಂಚುವುದು ಗೊತ್ತಿತ್ತು, ಫಾರ್ಮಿನವರು ಅದನ್ನೇ ಅನುಸರಿಸಿದ್ದರೆ ಸಾಕಿತ್ತು.

ಒಂದೇ ಬಾಗಿಲಿನ ಸಾಮಾನ್ಯ ಫ್ರಿಜ್ಜಿನ ಮೇಲುಗೂಡಿನಲ್ಲಿ ಅರ್ಧ ಕುರಿ ಹಿಡಿಸುತ್ತದೆ, ಇಡೀ ಕುರಿ ಹಿಡಿಸುವುದಿಲ್ಲ. ಬೇರೆ ಫ್ರೀಜರ್ ಇರುವವರು ಮೈನಸ್ 18 ಡಿಗ್ರಿಯಲ್ಲಿ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ, ಕರೆಂಟು ಹೋದರೂ ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು ಎರಡು ದಿನ ತಾಳುತ್ತದೆ. ಕಾರ್ಜ, ಬೋಟಿಗಳನ್ನು ಮಾತ್ರ ಅಂದೇ ಅಡುಗೆ ಮಾಡುವುದು ಲೇಸು.

ಎರಡು ಮೂರು ಮನೆಯವರು ಸೇರಿ ಇಡೀ ಕುರಿಯನ್ನು ಕೊಂಡು, ತಣ್ಣನೆ ಕೋಣೆಯಲ್ಲಿ ರಾತ್ರಿ ಇರಿಸಿ, ತಮ್ಮ ತಮ್ಮಲ್ಲೇ ಗುಡ್ಡೆ ಹಾಕಿಕೊಳ್ಳುವುದಾದರೆ ಈ ಫಾರ್ಮನ್ನು ಧಾರಾಳವಾಗಿ ಹೇಳಬಲ್ಲೆ. ವರ್ಷತೊಡಕಿಗೆ ಬೇಕಿದ್ದರೆ ತಿಂಗಳ ಮೊದಲೇ ಮುಂಗಡ ಕೊಟ್ಟು, ದರ ಮುಂಗಡದ ದಿನದ್ದೋ ಕೊಯ್ಯುವ ದಿನದ್ದೋ ಎಂಬುದನ್ನು ಬರಹದಲ್ಲಿ ಪಡೆಯಿರಿ. ಅರ್ಧ ಕುರಿಗೆ ಇನ್ನೊಂದು ಅರ್ಧದ ಗಿರಾಕಿ ಸಿಗುವವರೆಗೆ ಅವರು ದಿನ ಗೊತ್ತುಮಾಡುವುದಿಲ್ಲ. ಭಾನುವಾರಕ್ಕೆ ಬೇಗ ಸಿಗುತ್ತಾರೆ, ಶ್ರಾವಣದಲ್ಲಿ ಮುಂಗಡ ಕೊಟ್ಟು ಕಾಯುತ್ತಲೇ ಇರಬೇಕಾಗುತ್ತದೆ.