ಹಾಸನದ ಆಪ್ತಸಮಾಲೋಚನಾ ಕೇಂದ್ರವೊಂದರಲ್ಲಿ ತಮ್ಮನೊಂದಿಗೆ ನಾಲ್ಕು ಭೇಟಿ

ಹೆಂಡತಿಯ ಕೈಯಲ್ಲಿ ಏಟು ತಿನ್ನುತ್ತಿದ್ದ ನನ್ನ ತಮ್ಮನನ್ನು ಹಾಸನದ ಬಿ.ಎಂ. ರಸ್ತೆಯ ಬಳಿಯಿರುವ ಖಾಸಗಿ ಕೌಟುಂಬಿಕ ಆಪ್ತಸಮಾಲೋಚನಾ ಕೇಂದ್ರವೊಂದಕ್ಕೆ ನಾಲ್ಕು ಬಾರಿ ಕರೆದೊಯ್ದ ಅನುಭವದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮನೆಯ ಮಾತಾದ್ದರಿಂದ ಕೇಂದ್ರದ ಹೆಸರನ್ನು ಹೇಳುವುದಿಲ್ಲ.

ಅದಕ್ಕೂ ಮೊದಲು ಬೇಲೂರಿನಲ್ಲಿ ನಮ್ಮ ಹಿರಿಯರ ಮುಂದೆ ವಿಷಯ ಇಟ್ಟಿದ್ದೆವು. ಸ್ಟೀಲ್ ಲೋಟ ಬಡಿದು ಹುಬ್ಬಿನ ಮೇಲೆ ಆಗಿದ್ದ ಗಾಯವನ್ನು ಕಂಡು ಒಬ್ಬರು ನಕ್ಕರು. ಇನ್ನೊಬ್ಬರು ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದರು. ಮತ್ತೊಬ್ಬರು ‘ನೀನೇನು ಮಾಡಿದ್ದೆಯಪ್ಪ?’ ಎಂದು ಕೇಳಿದರು. ನಮ್ಮ ಚಿಕ್ಕಮ್ಮ ಬಾತ ಮುಖದೊಂದಿಗೆ ತವರಿಗೆ ಬಂದಾಗಲೂ ಇದೇ ಮನೆಯಲ್ಲಿ ಇದೇ ಪ್ರಶ್ನೆ ಕೇಳಿದ್ದರು. ಆಗ ನಗು ಮಾತ್ರ ಇರಲಿಲ್ಲ.

ಕೇಂದ್ರದಲ್ಲಿ ಕಾಯುವ ಬೆಂಚು ಗಾಜಿನ ಬಾಗಿಲಿಗೆ ನೇರವಾಗಿದ್ದು ರಸ್ತೆಗೆ ಕಾಣುತ್ತದೆ. ತಮ್ಮ ಮೊದಲ ದಿನ ಹೆಲ್ಮೆಟ್ ತೆಗೆಯದೆಯೇ ಕುಳಿತಿದ್ದ. ಅರ್ಜಿಯಲ್ಲಿ ‘ಪತಿಯಿಂದ ಆದ ಕಿರುಕುಳದ ವಿವರ’ ಎಂದು ಅಚ್ಚಾಗಿತ್ತು. ಐವತ್ತರ ಆಸುಪಾಸಿನ ಸಮಾಲೋಚಕಿ ಏನೂ ಹೇಳದೆ ‘ಪತಿ’ಯನ್ನು ಹೊಡೆದುಹಾಕಿ ‘ಪತ್ನಿ’ ಎಂದು ಬರೆದು, ಅಕ್ಕನ ಎದುರು ತಮ್ಮ ಎಲ್ಲವನ್ನೂ ಹೇಳಲಾರನೆಂದು ನನ್ನನ್ನು ಹೊರಗೆ ಕಳುಹಿಸಿದರು. ತಮ್ಮನ ಹೆಂಡತಿಯನ್ನು ನಾನು ‘ರಾಕ್ಷಸಿ’ ಎಂದಾಗ ಆ ಪದವನ್ನು ಅಲ್ಲಿಯೇ ತಡೆದರು.

ಕಾನೂನಿನ ವಿಷಯದಲ್ಲಿ ಅವರು ಸುಳ್ಳು ಸಮಾಧಾನ ಹೇಳಲಿಲ್ಲ. 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯಿದೆಯಡಿ ದೂರಿನಲ್ಲಿ ಹಿಂಸೆಗೆ ಒಳಗಾದವರು ಮಹಿಳೆಯೇ ಆಗಿರಬೇಕು. ಯಾರ ವಿರುದ್ಧ ದೂರು ಕೊಡಬಹುದೆಂಬಲ್ಲಿ ಅದರಲ್ಲಿದ್ದ ‘ವಯಸ್ಕ ಪುರುಷ’ ಎಂಬ ಮಾತನ್ನು 2016ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದರಿಂದ ಮಹಿಳೆಯ ವಿರುದ್ಧವೂ ದೂರು ಸಾಧ್ಯವಾಯಿತೇ ಹೊರತು ಗಂಡನಿಗೆ ದೂರುದಾರನ ಸ್ಥಾನ ಸಿಗಲಿಲ್ಲ. ಆದರೆ 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಕ್ರೌರ್ಯವೆಂಬ ವಿಚ್ಛೇದನದ ಕಾರಣ ಇಬ್ಬರಿಗೂ ಇದೆ, ಹಲ್ಲೆಯ ದೂರನ್ನು ಯಾರು ಬೇಕಾದರೂ ಕೊಡಬಹುದು, ಗಾಯಕ್ಕೆ ಚಿಕಿತ್ಸೆ ಪಡೆದ ಚೀಟಿಯನ್ನು ಎಸೆಯಬೇಡಿ ಎಂದರು. ಹೊಡೆತ ತಿನ್ನುವ ಹೆಂಗಸರ ಸಂಖ್ಯೆ ದೊಡ್ಡದಾದ್ದರಿಂದಲೇ 2005ರ ಆ ಕಾಯಿದೆ ಹಾಗೆ ಹುಟ್ಟಿತೆಂಬುದನ್ನೂ ಮರೆಯದೆ ಹೇಳಿದರು. ಇಂಥ ಪ್ರಕರಣ ಸಿಕ್ಕೊಡನೆ ಹೆಣ್ಣುಮಕ್ಕಳ ದೂರುಗಳೆಲ್ಲ ಸುಳ್ಳೆನ್ನಲು ಓಡಿಬರುವವರನ್ನು ನಾನು ಕಂಡಿದ್ದೇನೆ. ಅವರಿಗೂ ನನ್ನ ತಮ್ಮನ ಹುಬ್ಬಿನ ಗಾಯ ಬೇಕಿರಲಿಲ್ಲ.

ನಾಲ್ಕನೆಯ ಭೇಟಿಗೆ ತಮ್ಮನ ಹೆಂಡತಿಯೂ ಬಂದಿದ್ದಳು. ‘ನಾನು ಹೊಡೆದರೆ ಇವರಿಗೆ ನೋವಾಗುತ್ತದೆಯೇ?’ ಎಂದು ಅವಳು ಕೇಳಿದ್ದು ವ್ಯಂಗ್ಯದಿಂದಲ್ಲ, ನಿಜವಾದ ಆಶ್ಚರ್ಯದಿಂದ. ಲಟ್ಟಣಿಗೆ ಹಿಡಿದ ಹೆಂಡತಿಯ ವ್ಯಂಗ್ಯಚಿತ್ರ ನೋಡಿ ನಗುತ್ತ ಬೆಳೆದವರು ನಾವೆಲ್ಲ. ಆ ಪ್ರಶ್ನೆ ಅವಳೊಬ್ಬಳದೆಂದು ನನಗೆ ಅನ್ನಿಸಲಿಲ್ಲ. ಸಮಾಲೋಚಕಿ ತಮ್ಮನ ಕಡೆ ತಿರುಗಿ, ‘ನೀವೇ ಹೇಳಿ’ ಎಂದರು. ಅವನು ಹೇಳಲು ತುಂಬ ಹೊತ್ತು ಹಿಡಿಯಿತು. ಅಷ್ಟರಲ್ಲಿ ನಮ್ಮ ನಲವತ್ತೈದು ನಿಮಿಷ ಮುಗಿದಿತ್ತು.

ಭೇಟಿಯೊಂದಕ್ಕೆ 600 ರೂಪಾಯಿ ಶುಲ್ಕ, ಭಾನುವಾರ ರಜೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದನ್ನು ಆ ಗಾಜಿನ ಬಾಗಿಲಿಗೆ ಪರದೆ ಹಾಕಿ, ಅರ್ಜಿಯನ್ನು ಹೊಸದಾಗಿ ಅಚ್ಚು ಹಾಕಿಸಿದ ದಿನ ಸೇರಿಸುತ್ತೇನೆ.