ಅಮೆರಿಕದ ಪತ್ರಿಕೋದ್ಯಮ ಪ್ರಶಸ್ತಿ ಪುಲಿಟ್ಜರ್ ಗೆದ್ದ ಎರಡು ಆಡಿಯೊ ಸರಣಿ: ಯಾವುದನ್ನು ಕೇಳಲಿ?

‘ಇನ್ ದ ಡಾರ್ಕ್’ ಮೂರನೆಯ ಸರಣಿ (2025ರ ಪ್ರಶಸ್ತಿ) ಇರಾಕಿನ ಹದಿತಾ ಪಟ್ಟಣದ ಕಥೆ. 2005ರಲ್ಲಿ ಅಮೆರಿಕದ ಮರೀನ್ ಯೋಧರು ಅಲ್ಲಿ 24 ನಾಗರಿಕರನ್ನು ಕೊಂದರು; ಕೊಲೆಗೆಂದು ಯಾರಿಗೂ ಜೈಲಾಗಲಿಲ್ಲ. ಸೇನೆ ಬಚ್ಚಿಟ್ಟ ಆ ಹತ್ಯೆಯ ಫೋಟೊಗಳಿಗಾಗಿ ವರದಿಗಾರರು ಕೋರ್ಟಿಗೆ ಹೋದರೆ, ಬಂಧುಗಳನ್ನು ಕಳೆದುಕೊಂಡ ಇಬ್ಬರು ಫೋಟೊಗಳನ್ನು ವರದಿಗಾರರಿಗೆ ಕೊಡಿ ಎಂದು ಮನೆಮನೆ ಅಲೆದು ಸತ್ತವರ ಬಂಧುಗಳ ಸಹಿ ಸಂಗ್ರಹಿಸಿದರು. ತನಿಖೆಯ ಪಟ್ಟು ನೋಡಬೇಕೆಂದರೆ ಇದೇ. ಆದರೆ ಬಹಳ ದೀರ್ಘ, ಮನಸ್ಸಿಗೆ ಭಾರ. ರಾತ್ರಿ ಮಲಗುವಾಗ ಬೇಡ.

ಅಮೆರಿಕದ ಸಾರ್ವಜನಿಕ ರೇಡಿಯೊ ಸಂಸ್ಥೆ ಎನ್‌ಪಿಆರ್‌ನ ‘ನೋ ಕಾಂಪ್ರಮೈಸ್’ (2021ರ ಪ್ರಶಸ್ತಿ) ಇದಕ್ಕಿಂತ ಚಿಕ್ಕದು. ಇಲ್ಲಿ ಹತ್ಯಾಕಾಂಡವಿಲ್ಲ, ಬಂದೂಕಿನ ಹಕ್ಕಿನಲ್ಲಿ ಎಳ್ಳಷ್ಟೂ ರಾಜಿಯಾಗದ ಸಹೋದರರ ಫೇಸ್‌ಬುಕ್ ರಾಜಕಾರಣವಿದೆ. ಅಮೆರಿಕದಲ್ಲಿ ಬಂದೂಕು ಕಾನೂನು ಏಕೆ ಬಿಗಿಯಾಗುವುದಿಲ್ಲ ಎಂಬ ಕುತೂಹಲವಿದ್ದವರಿಗೆ, ದಿನವೂ ಬಸ್ಸಿನಲ್ಲಿ ಓಡಾಡುವವರಿಗೆ ಇದು ಸರಿ.