ಎರಡು ಡಿಸ್ಕು, ಮೂರು ಪೆಟ್ಟಿಗೆ: ಮನೆಯ ಸ್ಟೋರೇಜ್ ಸರ್ವರ್‌ಗಾಗಿ ನಾನು ಪಟ್ಟ ಪಾಡು

ಮದುವೆ ಫೋಟೊ ತೆಗೆಯುವವರ ಮನೆಯ ಬೀರು ತೆರೆದರೆ ಸೀರೆಗಿಂತ ಮೊದಲು ಹಾರ್ಡ್ ಡಿಸ್ಕ್ ಉದುರುತ್ತವೆ. ನನ್ನ ಬೀರುವಿನಲ್ಲಿ ಹನ್ನೊಂದಿದ್ದವು. ಒಂದೊಂದರ ಮೇಲೂ ಪಟ್ಟಿ ಅಂಟಿಸಿ ‘ಜಗಳೂರು ಆರತಕ್ಷತೆ’, ‘ಹರಿಹರ, ಫೆಬ್ರವರಿ’, ‘ಖಾಲಿ’ ಎಂದೆಲ್ಲ ಬರೆದಿದ್ದೆ. ‘ಖಾಲಿ’ ಎಂದಿದ್ದ ಡಿಸ್ಕನ್ನು ಫಾರ್ಮ್ಯಾಟ್ ಮಾಡಲು ಕುಳಿತ ದಿನ ಯಾಕೋ ಒಮ್ಮೆ ತೆರೆದು ನೋಡಿದೆ. ಒಳಗೆ ಒಂದು ಇಡೀ ನಾಮಕರಣ ಮಲಗಿತ್ತು. ಇನ್ನೂ ಆ ಮನೆಯವರಿಗೆ ಆಲ್ಬಮ್ ಕೊಟ್ಟಿರಲಿಲ್ಲ. ಎಲ್ಲವನ್ನೂ ಒಂದೇ ಕಡೆ ಇಡುವ ಸಣ್ಣ ಸರ್ವರ್ ಮನೆಯಲ್ಲಿ ಇರಲೇಬೇಕು ಎಂದು ಅಂದೇ ತೀರ್ಮಾನಿಸಿದೆ.

ಎಷ್ಟು ಜಾಗ ಬೇಕು ಎಂಬ ಲೆಕ್ಕ ಸುಲಭ. ನಮ್ಮ ದಾವಣಗೆರೆ ಕಡೆ ಮದುವೆ ಎಂದರೆ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಮುಹೂರ್ತ. ಒಂದು ರಾ ಫೋಟೊ (ಕ್ಯಾಮೆರಾ ಕಂಡದ್ದನ್ನು ಹಾಗೆಯೇ ಉಳಿಸುವ ದೊಡ್ಡ ಫೈಲ್) 25ರಿಂದ 30 ಎಂಬಿ. ಮೂರು ಸಾವಿರ ಕ್ಲಿಕ್ ಆದರೆ 80–90 ಜಿಬಿ. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ 4ಕೆ ವಿಡಿಯೊ ತೆಗೆದರೆ ಗಂಟೆಗೆ 45 ಜಿಬಿ. ಐದು ಗಂಟೆ ವಿಡಿಯೊ ಸೇರಿ ಒಂದು ಮದುವೆಗೆ ಸುಮಾರು 300 ಜಿಬಿ. ಹಾಗಾಗಿ 8 ಟಿಬಿಯ ಎರಡು ಡಿಸ್ಕ್ ಕೊಂಡೆ. ಒಂದು ಇನ್ನೊಂದರ ಪ್ರತಿಬಿಂಬ, ಅಂದರೆ ಮಿರರ್. ಒಂದು ಸತ್ತರೆ ಇನ್ನೊಂದು ಉಳಿಯಬೇಕು. ಇದೇ ಜೋಡಿಯನ್ನು ಮೂರು ಬೇರೆ ಬೇರೆ ಯಂತ್ರಗಳಿಗೆ ಹಾಕಿ, ಗೋಡೆಯ ಪ್ಲಗ್ಗಿಗೆ ವಾಟ್ ಮೀಟರ್ ಸಿಕ್ಕಿಸಿ, ನಾಲ್ಕು ತಿಂಗಳು ನೋಡಿದೆ.

ಮೊದಲನೆಯದು ಡ್ರಾಯರ್‌ನಲ್ಲೇ ಇತ್ತು: ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್ ರಾಸ್ಬೆರಿ ಪೈ 4. ಇದು 2019ರದು, ಇಸ್ಪೀಟು ಕಟ್ಟಿನಷ್ಟು ಅಗಲ. ಇದರ ಯುಎಸ್‌ಬಿ ಪೋರ್ಟುಗಳೆಲ್ಲ ಸೇರಿ ಹೊರಗಿನ ಸಾಧನಗಳಿಗೆ ಕೊಡಬಲ್ಲದ್ದು 1.2 ಆಂಪಿಯರ್ ಮಾತ್ರ. ದೊಡ್ಡ ಡಿಸ್ಕಿಗಂತೂ 12 ವೋಲ್ಟ್ ಬೇಕೇ ಬೇಕು. ಹಾಗಾಗಿ ಎರಡು ಡಿಸ್ಕ್ ಕೂರುವ, ತನ್ನದೇ ಅಡಾಪ್ಟರ್ ಇರುವ ಡಾಕ್ ತರಿಸಿದೆ. ಎಲ್ಲ ಸೇರಿ ಮೀಟರ್ ತೋರಿಸಿದ್ದು 17 ವಾಟ್. ವೇಗ ಸೆಕೆಂಡಿಗೆ 100 ಎಂಬಿಯ ಆಸುಪಾಸು. ಗಿಗಾಬಿಟ್ ನೆಟ್‌ವರ್ಕಿನಲ್ಲಿ ಲೆಕ್ಕದ ಮಿತಿಯೇ 125 ಆಗಿರುವಾಗ ಇದಕ್ಕೆ ಹೆಸರಿಡುವಂತಿಲ್ಲ. ಹತ್ತು ದಿನ ಎದುರಿಗೆ ಸಿಕ್ಕವರಿಗೆಲ್ಲ ಪೈಯ ಗುಣಗಾನ ಮಾಡಿಕೊಂಡು ಓಡಾಡಿದೆ.

ಹನ್ನೊಂದನೆಯ ದಿನ ಮಧ್ಯಾಹ್ನ ಕರೆಂಟ್ ಹೋಯಿತು. ಇನ್ವರ್ಟರ್ ಟಕ್ ಎಂದಿತು. ಫ್ಯಾನ್ ತಿರುಗುತ್ತಲೇ ಇತ್ತು, ಪೈಯ ಕೆಂಪು ದೀಪ ಕಣ್ಣು ಮಿಟುಕಿಸಲಿಲ್ಲ. ಆದರೆ ಡಾಕಿನೊಳಗಿಂದ ಡಿಸ್ಕಿನ ಹೆಡ್ ಹಿಂದಕ್ಕೆ ಸರಿದು ಕೂತ ಸದ್ದು ಕೇಳಿತು, ಹಿಂದೆಯೇ ಮೋಟರ್ ಮತ್ತೆ ಸುತ್ತಲು ತೊಡಗಿದ ಗುಂಯ್ ಸದ್ದು. ಇನ್ವರ್ಟರ್ ಬದಲಾಯಿಸಿಕೊಳ್ಳುವ ಆ ಕ್ಷಣವನ್ನು ಪೈಯ ಅಡಾಪ್ಟರ್ ತಡೆದುಕೊಂಡಿತ್ತು, ಡಾಕಿನ ಅಡಾಪ್ಟರ್ ತಡೆದುಕೊಂಡಿರಲಿಲ್ಲ. ಪೈಯ ಮಟ್ಟಿಗೆ ಯಾರೋ ಎರಡೂ ಡಿಸ್ಕನ್ನು ಕಿತ್ತು ಮತ್ತೆ ಹಾಕಿದ ಹಾಗೆ. ಹಳೆಯ ಹೆಸರಿನ ಡಿಸ್ಕ್‌ಗಳು ಮಾಯವಾಗಿ ಹೊಸ ಹೆಸರಿನಲ್ಲಿ ಬಂದು ನಿಂತಿದ್ದವು, ಮಿರರ್ ಮುರಿದುಬಿದ್ದಿತ್ತು, ಆಗ ನಡೆಯುತ್ತಿದ್ದ ಕಾಪಿ ಶೇಕಡಾ 61ರಲ್ಲಿ ನಿಂತಿತ್ತು. ಎಲ್ಲ ಸರಿಪಡಿಸಿ ಎರಡು ಡಿಸ್ಕ್ ಮತ್ತೆ ಒಂದಕ್ಕೊಂದು ಹೊಂದಿಕೊಳ್ಳಲು ಹದಿನಾಲ್ಕು ಗಂಟೆ ಹಿಡಿಯಿತು. ಸ್ಟೋರೇಜ್ ಸರ್ವರ್ ನಡೆಸುವ ಓಪನ್‌ಮೀಡಿಯಾವಾಲ್ಟ್‌ನಂತಹ ತಂತ್ರಾಂಶ ಯುಎಸ್‌ಬಿ ಡಿಸ್ಕುಗಳ ಮೇಲೆ ರೇಡ್ (ಮಿರರ್‌ನಂತೆ ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವ ವಿಧಾನ) ಕಟ್ಟಲು ತನ್ನ ಪರದೆಯಲ್ಲಿ ಅವಕಾಶವನ್ನೇ ಕೊಡುವುದಿಲ್ಲ. ನಾನು ಬರಿಯ ಡೆಬಿಯನ್ ಲಿನಕ್ಸ್ ಹಾಕಿ, ಹಿಂಬಾಗಿಲಿನಿಂದ ನುಗ್ಗಿ ಅದನ್ನೇ ಮಾಡಿದ್ದೆ. ತಪ್ಪು ಪೈಯದಲ್ಲ, ನನ್ನದು.

ಪೈ 5ರಲ್ಲಿ ಒಂದು ಪಿಸಿಐ ದಾರಿ (ಪ್ರೊಸೆಸರ್‌ಗೆ ಬೇರೆ ಚಿಪ್‌ಗಳನ್ನು ಬೆಸೆಯುವ ವೇಗದ ಸಂಪರ್ಕ) ಹೊರಗೆ ಕೊಟ್ಟಿದ್ದಾರೆ, ಅದಕ್ಕೆ ಡಿಸ್ಕನ್ನು ನೇರವಾಗಿ ಸಿಕ್ಕಿಸುವ ಸಾಟಾ ತುಂಡು ಜೋಡಿಸಬಹುದು. ಬೋರ್ಡು, ಆ ತುಂಡು, 5 ಆಂಪಿಯರ್ ಅಡಾಪ್ಟರ್, ಡಿಸ್ಕಿಗೆ ಬೇರೆ ವಿದ್ಯುತ್ ಎಂದೆಲ್ಲ ಕೂಡಿಸುತ್ತ ಹೋದರೆ ಮುಂದೆ ಹೇಳುವ ಯಂತ್ರದ ಬೆಲೆಗೇ ಬಂದು ನಿಲ್ಲುತ್ತದೆ. ಅಲ್ಲಿಗೆ ಕೈಬಿಟ್ಟೆ.

ಎರಡನೆಯದು ಯಾವುದೋ ಆಫೀಸಿನಲ್ಲಿ ದುಡಿದು ನಿವೃತ್ತವಾದ ಸಣ್ಣ ಡೆಸ್ಕ್‌ಟಾಪ್. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದ್ದು, 8 ಜಿಬಿ ಮೆಮೊರಿ, ಸಣ್ಣ ಎಸ್‌ಎಸ್‌ಡಿ ಸಹಿತ 8,500 ರೂಪಾಯಿ. ಒಳಗಿರುವುದು 2015ರ ಐ5-6500 ಪ್ರೊಸೆಸರ್. ಅದರ ವಿವರಪಟ್ಟಿಯಲ್ಲಿ 65 ವಾಟ್ ಎಂದು ಬರೆದಿರುವುದನ್ನು ನೋಡಿ ನನ್ನ ಗೆಳೆಯನೊಬ್ಬ ‘ಕರೆಂಟ್ ಬಿಲ್ ಕಟ್ಟಲು ಇನ್ನೆರಡು ಮದುವೆ ಹಿಡಿ’ ಎಂದು ನಕ್ಕಿದ್ದ. ಎರಡು ಡಿಸ್ಕ್ ತಿರುಗುತ್ತ, ಕೆಲಸವಿಲ್ಲದೆ ಕುಳಿತಾಗ ಮೀಟರ್ ತೋರಿಸಿದ್ದು 31 ವಾಟ್. ಆ 65 ಎನ್ನುವುದು ಚಿಪ್ ಮೈಮುರಿದು ದುಡಿಯುವಾಗಿನ ಮಾತು, ಫೈಲ್ ಎತ್ತಿಡುವ ಸರ್ವರ್ ದಿನದ ಬಹುಪಾಲು ಆಕಳಿಸುತ್ತ ಕೂತಿರುತ್ತದೆ.

ಇದರ ಕಷ್ಟ ಜಾಗದ್ದು. ದೊಡ್ಡ ಡಿಸ್ಕಿಗೆ ಒಳಗೆ ಇದ್ದದ್ದು ಒಂದೇ ಆಸನ. ಎರಡನೆಯದಕ್ಕಾಗಿ ಪಿ.ಬಿ. ರಸ್ತೆಯ ವೆಲ್ಡಿಂಗ್ ಅಂಗಡಿಯಲ್ಲಿ ‘ಎಲ್’ ಆಕಾರದ ಎರಡು ಪಟ್ಟಿ ಮಾಡಿಸಿ, ಗ್ರಾಫಿಕ್ಸ್ ಕಾರ್ಡ್ ಕೂರಬೇಕಾದ ಖಾಲಿ ಜಾಗದಲ್ಲಿ ತೂಗುಹಾಕಿದೆ. ಮೊದಲ ರಾತ್ರಿ ಇಡೀ ಪೆಟ್ಟಿಗೆ ಡಿಸ್ಕಿನ ಜೊತೆ ತಾನೂ ಗುನುಗಿತು. ಬೆಳಗ್ಗೆ ಹಾರ್ಡ್‌ವೇರ್ ಅಂಗಡಿಯಿಂದ ನಲ್ಲಿಗೆ ಹಾಕುವ ರಬ್ಬರ್ ವಾಷರ್ ತಂದು ಪ್ರತಿ ಸ್ಕ್ರೂ ಕೆಳಗೂ ಒಂದೊಂದು ಇಟ್ಟೆ. ಸದ್ದು ಅಡಗಿತು. ಆ ಎಂಟು ವಾಷರ್‌ಗಳಷ್ಟು ಬೆಲೆ ಬಾಳುವ ಬಿಡಿಭಾಗ ಈ ಇಡೀ ಯೋಜನೆಯಲ್ಲಿ ಇನ್ನೊಂದಿಲ್ಲ.

ಎರಡು ವಯರ್‌ಗಳ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಒಂದು, ಸಪ್ಲೈನ ಒಂದು ವಯರನ್ನು ಎರಡು ಡಿಸ್ಕಿಗೆ ಹಂಚುವ ವಿದ್ಯುತ್ ಕವಲಿನದು. ಕನೆಕ್ಟರ್ ಅನ್ನು ಪ್ಲಾಸ್ಟಿಕ್ ಎರಕ ಹೊಯ್ದು ಮುಚ್ಚಿರುವ ಅಗ್ಗದ ಬಗೆಯನ್ನು ಕೊಳ್ಳಬೇಡಿ. ಒಳಗೆ ತಂತಿಗಳು ಒಂದಕ್ಕೊಂದು ತಾಗಿ ಸುಡುವ ಅಪಾಯ ಇರುವುದು ಅದರಲ್ಲೇ. ತಂತಿ ಒಂದೊಂದೂ ಬೇರೆಯಾಗಿ ಕಣ್ಣಿಗೆ ಕಾಣುವ, ಒತ್ತಿ ಕೂರಿಸಿದ ಬಗೆ ವಾಸಿ. ಇನ್ನೊಂದು ಸಾಟಾ ಕೇಬಲ್. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ 199ನೆಯ ಸಾಲು ನಾಲ್ಕು ದಿನಗಳಲ್ಲಿ ಸೊನ್ನೆಯಿಂದ 46ಕ್ಕೆ ಏರಿದ್ದನ್ನು ನೋಡಿ ನನ್ನ ಎದೆ ಧಸಕ್ ಎಂದಿತ್ತು. ಆದರೆ 199 ಎಂದರೆ ಸಾಮಾನ್ಯವಾಗಿ ದಾರಿಯ ದೋಷ, ಡಿಸ್ಕಿನ ರೋಗವಲ್ಲ. ಹೆದರಬೇಕಾದದ್ದು 5 ಮತ್ತು 197ನೆಯ ಸಾಲುಗಳು ಏರಿದಾಗ. ಕೇಬಲ್ ಬದಲಿಸಿದೆ, 46 ಅಲ್ಲೇ ನಿಂತಿದೆ.

ಮುಖ್ಯ ಪರೀಕ್ಷೆ ಕರೆಂಟ್ ಹೋಗುವುದು. ಇದಕ್ಕೆ ಇಲ್ಲಿ ಕಾಯಬೇಕಾಗಿಲ್ಲ, ಪತ್ರಿಕೆಯಲ್ಲಿ ‘ನಾಳೆ ವಿದ್ಯುತ್ ವ್ಯತ್ಯಯ’ ಎಂದು ಮುಹೂರ್ತವನ್ನೇ ಮುದ್ರಿಸಿರುತ್ತಾರೆ. ಇನ್ವರ್ಟರ್ ಟಕ್ ಎಂದಿತು, ಪೆಟ್ಟಿಗೆ ಏನೂ ಆಗದವರಂತೆ ಕಾಪಿ ಮುಂದುವರಿಸಿತು. ಈ ತಲೆಮಾರಿನ ಕಂಪ್ಯೂಟರಿನ ಪವರ್ ಸಪ್ಲೈ ಪೂರ್ಣ ಹೊರೆ ಹೊತ್ತಾಗಲೂ ಸುಮಾರು 16 ಮಿಲಿಸೆಕೆಂಡ್ ಕರೆಂಟಿಲ್ಲದೆ ಉಸಿರು ಹಿಡಿಯಬೇಕು ಎಂಬುದು ಅದರ ವಿನ್ಯಾಸದ ನಿಯಮ. 240 ವಾಟ್‌ನ ಸಪ್ಲೈ ಬರಿಯ 30 ವಾಟ್ ಹೊತ್ತಿದ್ದರೆ ಅದರ ಉಸಿರು ಇನ್ನೂ ಉದ್ದ. ಅದೂ ಅಲ್ಲದೆ ಡಿಸ್ಕಿಗೂ ಬೋರ್ಡಿಗೂ ಒಂದೇ ಸಪ್ಲೈ. ಬದುಕಿದರೆ ಎಲ್ಲ ಒಟ್ಟಿಗೆ, ಸತ್ತರೂ ಒಟ್ಟಿಗೆ. ಒಂದು ಬದುಕಿ ಇನ್ನೊಂದು ಸಾಯುವ ಪೈಯ ಗೋಳು ಇಲ್ಲಿಲ್ಲ. ಆದರೂ ಇನ್ವರ್ಟರ್ ಬ್ಯಾಟರಿ ಬರಿದಾಗುವುದನ್ನು ಸರ್ವರ್‌ಗೆ ಹೇಳುವವರಿಲ್ಲ. ಅದಕ್ಕಾಗಿ ಯುಎಸ್‌ಬಿ ಕೇಬಲ್ ಇರುವ 600 ವಿಎ ಯುಪಿಎಸ್ ಇಟ್ಟು, ಬ್ಯಾಟರಿ ತಗ್ಗಿದಾಗ ಯಂತ್ರ ತಾನಾಗಿ ಮುಚ್ಚಿಕೊಳ್ಳುವಂತೆ ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಹಾಕಿದ್ದೇನೆ.

ಇಷ್ಟಕ್ಕೇ ಸುಮ್ಮನಿರಬೇಕಿತ್ತು. ಇಂಟೆಲ್ ಎನ್100 ಎಂಬ ಹೆಸರು ಎಲ್ಲೆಲ್ಲೂ ಕೇಳುತ್ತಿತ್ತು: 2023ರ ಚಿಪ್, ನಾಲ್ಕು ಕೋರ್, 6 ವಾಟ್. 6 ವಾಟ್! ಸ್ಟೋರೇಜ್ ಸರ್ವರ್‌ಗೆಂದೇ ಮಾಡಿದ, ಆರು ಸಾಟಾ ಪೋರ್ಟ್, 2.5 ಗಿಗಾಬಿಟ್‌ನ ನಾಲ್ಕು ನೆಟ್‌ವರ್ಕ್ ಪೋರ್ಟ್ ಇರುವ ಹದಿನೇಳು ಸೆಂಟಿಮೀಟರ್ ಚೌಕದ ಬೋರ್ಡ್ ತರಿಸಿದೆ. ನಾಲ್ಕು ಡಿಸ್ಕ್ ಕೂರುವ, ಅಕ್ಕಿ ಡಬ್ಬಿಯಷ್ಟಿರುವ ಪೆಟ್ಟಿಗೆ, ಸಣ್ಣ ಪವರ್ ಸಪ್ಲೈ, ಮೆಮೊರಿ ಎಲ್ಲ ಸೇರಿ 25,000 ದಾಟಿತು. ನೋಡಲು ಮುದ್ದಾಗಿದೆ, ಒಪ್ಪುತ್ತೇನೆ. ಡಿಸ್ಕ್ ಹಾಕುವುದು ಮೇಜಿನ ಖಾನೆ ಎಳೆದಷ್ಟು ಸುಲಭ.

ಅದೇ ಎರಡು ಡಿಸ್ಕ್ ಹಾಕಿ ಮೀಟರ್ ನೋಡಿದೆ: 26 ವಾಟ್. ಮೀಟರ್ ಕೆಟ್ಟಿದೆ ಎಂದುಕೊಂಡು ಕಿತ್ತು ಮತ್ತೆ ಹಾಕಿದೆ. ಆಗಲೂ 26. 6 ವಾಟ್ ಎಂಬುದು ಚಿಪ್‌ನ ಮಾತು, ಬೋರ್ಡಿನದಲ್ಲ. ಎನ್100ಗೆ ಇರುವುದೇ ಒಂಬತ್ತು ಪಿಸಿಐ ದಾರಿ. ಅಷ್ಟೊಂದು ಪೋರ್ಟ್ ಕೊಡಲು ಬೇರೆ ಬೇರೆ ಚಿಪ್ ಕೂರಿಸುತ್ತಾರೆ, ಅವಕ್ಕೂ ಊಟ ಹಾಕಬೇಕು. ನನ್ನ ಬೋರ್ಡಿನ ಸಾಟಾ ಚಿಪ್ ಪ್ರೊಸೆಸರ್ ಅನ್ನು ಗಾಢ ನಿದ್ರೆಗೆ ಜಾರಲು ಬಿಡುವುದೂ ಇಲ್ಲ. ಹಳೆಯ ಡೆಸ್ಕ್‌ಟಾಪಿಗೂ ಇದಕ್ಕೂ ಅಂತರ ಐದೇ ವಾಟ್. ಒಂದು ವಾಟ್ ವರ್ಷವಿಡೀ ಉರಿದರೆ 8.76 ಯೂನಿಟ್. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ ಐದು ವಾಟಿನ ಉಳಿತಾಯ ವರ್ಷಕ್ಕೆ ಮುನ್ನೂರು ರೂಪಾಯಿಯ ಸುತ್ತಮುತ್ತ. ಹೆಚ್ಚಾಗಿ ಸುರಿದ ಹದಿನಾರೂವರೆ ಸಾವಿರ ಹಿಂದಿರುಗಲು ಐವತ್ತಕ್ಕೂ ಹೆಚ್ಚು ವರ್ಷ ಬೇಕು. ಆಗ ಈ ಮದುವೆಗಳ ಮೊಮ್ಮಕ್ಕಳ ಮದುವೆ ನಡೆಯುತ್ತಿರುತ್ತದೆ.

ಸಣ್ಣ ಸಪ್ಲೈನ ಫ್ಯಾನ್ ಕೂಡ ಸಣ್ಣದು, ಅದು ಹಗಲು ರಾತ್ರಿ ಚೀರುತ್ತದೆ. ‘ಏನಪ್ಪಾ, ಡಬ್ಬಿಯೊಳಗೆ ಜೀರುಂಡೆ ಸಾಕಿದ್ದೀಯಾ?’ ಎಂದು ಅಮ್ಮ ಕೇಳಿದರು. ಸದ್ದಿನ ಕಾಟಕ್ಕೆ ಅಟ್ಟಕ್ಕೇರಿಸಿದೆ. ಏಪ್ರಿಲ್ ತಿಂಗಳು, ಮೇಲೆ ಕಾದ ಆರ್‌ಸಿಸಿ; ಡಿಸ್ಕಿನ ಬಿಸಿ 53 ಡಿಗ್ರಿ ಮುಟ್ಟಿತು. ಕೆಳಗಿಳಿಸಿ ಟಿ.ವಿ. ಸ್ಟ್ಯಾಂಡ್ ಪಕ್ಕ ಇಟ್ಟರೆ 44. ಈ ಊರಿನಲ್ಲಿ ಅಟ್ಟ ಉಪ್ಪಿನಕಾಯಿ ಜಾಡಿಗೆ ಸರಿ, ಸರ್ವರ್‌ಗೆ ಅಲ್ಲ. ತಿಂಗಳಿಗೊಮ್ಮೆ ಫ್ಯಾನ್ ಜಾಲರಿ ಒರೆಸುವುದೂ ಕಡ್ಡಾಯ. ಮಂಡಕ್ಕಿ ಭಟ್ಟಿಗಳ ಕಡೆಯಿಂದ ಗಾಳಿ ಬೀಸಿದರೆ ಬಟ್ಟೆಗೆ ಬರುವುದು ಧೂಳಲ್ಲ, ಮಸಿ.

ಹಾಗೆಂದು ಎನ್100 ದಂಡವಲ್ಲ. 300 ಜಿಬಿ ಮದುವೆಯನ್ನು ಗಿಗಾಬಿಟ್‌ನಲ್ಲಿ ಇಳಿಸಲು 45 ನಿಮಿಷ ಬೇಕಾದರೆ ಇದರಲ್ಲಿ 25 ನಿಮಿಷ ಸಾಕಾಯಿತು. ಅದಕ್ಕಿಂತ ವೇಗವಾಗಿ ಡಿಸ್ಕೇ ಓಡುವುದಿಲ್ಲ. ಆದರೆ ಲ್ಯಾಪ್‌ಟಾಪಿಗೂ 2.5 ಗಿಗಾಬಿಟ್ ಅಡಾಪ್ಟರ್ ಕೊಳ್ಳಬೇಕಾಯಿತು. ಗೋಡೆಯೊಳಗಿನ ಕ್ಯಾಟ್ 5ಇ ನೆಟ್‌ವರ್ಕ್ ಕೇಬಲ್ ಮಾತ್ರ ಬದಲಿಸಬೇಕಾಗಲಿಲ್ಲ. ಹರಿಹರದಲ್ಲಿ ವಿಡಿಯೊ ಎಡಿಟಿಂಗ್ ಮಾಡುವ ನನ್ನ ಭಾವಮೈದುನ ನಾಲ್ಕು ಡಿಸ್ಕ್ ತುಂಬಿ, ಸರ್ವರ್ ಮೇಲಿನಿಂದಲೇ ನೇರವಾಗಿ ಎಡಿಟ್ ಮಾಡುತ್ತಾನೆ. ಎರಡು ವಾರ ಅವನಿಗೆ ಕೊಟ್ಟೆ, ವಾಪಸು ಬರಲಿಲ್ಲ, ಹಣ ಬಂತು.

ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಎರಡು ಡಿಸ್ಕಿನ ಪೆಟ್ಟಿಗೆಯನ್ನೂ ಗೆಳೆಯನಿಂದ ತಂದು ಒಂದು ವಾರ ನೋಡಿದೆ. ನಿಶ್ಶಬ್ದ, ಸುಲಭ, ದುಬಾರಿ. ತಲೆ ಕೆಡಿಸಿಕೊಳ್ಳಲು ಇಷ್ಟವಿಲ್ಲದವರು ಅದನ್ನೇ ಕೊಳ್ಳಲಿ.

ಯಾವ ಯಂತ್ರವಾದರೂ ಡಿಸ್ಕ್ ಕೊಳ್ಳುವಾಗ ಮಾಡೆಲ್ ಸಂಖ್ಯೆ ನೋಡಿ, ಸಾಲುಗಳನ್ನು ಪಕ್ಕಪಕ್ಕದಲ್ಲಿ ಬಿಡಿಬಿಡಿಯಾಗಿ ಬರೆಯುವ ಸಿಎಂಆರ್ ಬಗೆಯದೇ ಎಂದು ಖಚಿತಪಡಿಸಿಕೊಳ್ಳಿ. ಹೆಂಚಿನಂತೆ ಒಂದರ ಮೇಲೊಂದು ಸಾಲು ಬರೆಯುವ ಎಸ್‌ಎಂಆರ್ ಡಿಸ್ಕುಗಳು ರೇಡ್ ಮರುಜೋಡಣೆಯಲ್ಲಿ ತೆವಳುತ್ತವೆ. ಸ್ಟೋರೇಜ್ ಸರ್ವರ್‌ಗೆಂದೇ ಮಾರುತ್ತಿದ್ದ 2ರಿಂದ 6 ಟಿಬಿಯ ಕೆಲವು ರೆಡ್ ಡಿಸ್ಕುಗಳೂ ಈ ಬಗೆಯವೇ ಎಂದು ವೆಸ್ಟರ್ನ್ ಡಿಜಿಟಲ್ 2020ರಲ್ಲಿ ಒಪ್ಪಿಕೊಂಡಿತ್ತು. ಪೆಟ್ಟಿಗೆಯ ಮೇಲಿನ ಬಣ್ಣ ನೋಡಿ ಕೊಳ್ಳುವಂತಿಲ್ಲ.

ಹೀಗಾಗಿ ನನ್ನ ಮನೆಯಲ್ಲಿ ಉಳಿದದ್ದು ನಲ್ಲಿ ವಾಷರ್‌ನ ಡೆಸ್ಕ್‌ಟಾಪ್. ಪೈ ಚಿತ್ರದುರ್ಗಕ್ಕೆ ಹೋಯಿತು, ಅಕ್ಕನ ಮನೆಗೆ. ಮನೆಗೆ ಬೆಂಕಿ ಬಿದ್ದರೆ, ಕಳ್ಳ ಬಂದರೆ ಮಿರರ್ ಏನೂ ಮಾಡಲಾರದು. ಇನ್ನೊಂದು ಊರಿನಲ್ಲಿ ಒಂದು ಪ್ರತಿ ಇರಬೇಕು. ಅದಕ್ಕೀಗ ಲ್ಯಾಪ್‌ಟಾಪ್ ಗಾತ್ರದ ಒಂದೇ ಡಿಸ್ಕ್. ಅದು ಪೈಯ ಪೋರ್ಟಿನಿಂದಲೇ ವಿದ್ಯುತ್ ಪಡೆಯುವುದರಿಂದ ಎರಡು ಅಡಾಪ್ಟರಿನ ಜಗಳವೇ ಇಲ್ಲ. ರಾತ್ರಿ ಎರಡು ಗಂಟೆಗೆ ವೈರ್‌ಗಾರ್ಡ್ ಎಂಬ ಸುರಕ್ಷಿತ ಇಂಟರ್ನೆಟ್ ಸುರಂಗದ ಮೂಲಕ, ಹೊಸ ಫೈಲುಗಳನ್ನಷ್ಟೇ ಕಾಪಿ ಮಾಡುವ ಆರ್‌ಸಿಂಕ್ ಓಡುತ್ತದೆ, ಫೋಟೊ ಮಾತ್ರ. ನಮ್ಮ 50 ಮೆಗಾಬಿಟ್ ಅಪ್‌ಲೋಡಿನಲ್ಲಿ 90 ಜಿಬಿಗೇ ನಾಲ್ಕು ಗಂಟೆ ಬೇಕು. ವಿಡಿಯೊವನ್ನು ಡಿಸ್ಕಿಗೆ ತುಂಬಿ ಬಸ್ಸಿನಲ್ಲಿ ನಾನೇ ಒಯ್ಯುತ್ತೇನೆ.

ಕಳೆದ ವಾರ ಬೆಳಗ್ಗೆ ಎದ್ದಾಗ ಕಾಪಿ ಆಗಿಲ್ಲ ಎಂಬ ಸಂದೇಶ ಬಂದಿತ್ತು. ಮತ್ತೆ ಡಿಸ್ಕೋ, ಕೇಬಲ್ಲೋ ಎಂದು ಅರ್ಧ ಗಂಟೆ ಲಾಗ್ ಕೆದಕಿ, ಕೊನೆಗೆ ಅಕ್ಕನಿಗೆ ಫೋನ್ ಮಾಡಿದೆ. ‘ರಾತ್ರಿ ದೋಸೆಹಿಟ್ಟು ರುಬ್ಬಬೇಕಿತ್ತು ಕಣೋ, ನಿನ್ನ ಡಬ್ಬಿಯ ಪ್ಲಗ್ ತೆಗೆದವಳು ಮತ್ತೆ ಹಾಕುವುದನ್ನೇ ಮರೆತೆ’ ಎಂದಳು. ಭಾನುವಾರ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಹಿಡಿದು ಚಿತ್ರದುರ್ಗದ ಬಸ್ ಹತ್ತಿದೆ.